ಕಾಂಡ್ಲಾ ಬುಡದ ಕೆಸರಿಗೆ ಬೆಲೆ ಬಂದದ್ದು ಹೇಗೆ

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಇಡೀ ಕರ್ನಾಟಕದಲ್ಲಿ ಅಳಿವೆಗಳ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, 2021ರ ಅರಣ್ಯ ಸಮೀಕ್ಷೆಯ ಪ್ರಕಾರ, 13 ಚದರ ಕಿಲೋಮೀಟರ್. ಕಾಂಡ್ಲಾ ಕೆಸರು ವರ್ಷಕ್ಕೆ ಹೆಕ್ಟೇರಿಗೆ ಸುಮಾರು 6 ಟನ್ ಇಂಗಾಲದ ಡೈಆಕ್ಸೈಡ್ ಹೂಳುತ್ತದೆ ಎಂಬ ಜಾಗತಿಕ ಸರಾಸರಿ ಹಿಡಿದರೂ ರಾಜ್ಯದ ಮೊತ್ತ 8,000 ಟನ್ ಮುಟ್ಟದು. ರಾಜಧಾನಿಯ ವಾಹನಗಳಿಗೆ ಹಂಚಿದರೆ ತಲಾ ಒಂದು ಲೀಟರ್ ಪೆಟ್ರೋಲಿನ ಮೂರನೇ ಒಂದು ಭಾಗದ ಹೊಗೆ, ಅದೂ ವರ್ಷಕ್ಕೆ!

ಕಾಂಡ್ಲಾದ ಬೆಲೆ ಇರುವುದು ವರ್ಷದ ಆದಾಯದಲ್ಲಲ್ಲ, ಹಳೆಯ ಠೇವಣಿಯಲ್ಲಿ. ಕಡಲು, ಕರಾವಳಿಯ ಜೀವಿಗಳು ಹಿಡಿದಿಟ್ಟ ಇಂಗಾಲಕ್ಕೆ ‘ನೀಲಿ ಇಂಗಾಲ’ ಎಂಬ ಹೆಸರು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2009ರ ವರದಿಯಿಂದ ಚಲಾವಣೆಗೆ ಬಂತು. ಇಂಡೋ-ಪೆಸಿಫಿಕ್ ಕಾಂಡ್ಲಾಗಳಲ್ಲಿ ಹೆಕ್ಟೇರಿಗೆ ಸರಾಸರಿ 1,023 ಟನ್ ಇಂಗಾಲವಿದೆ, ಬಹುಪಾಲು ನೆಲದಡಿ ಎಂದು 2011ರ ಅಧ್ಯಯನ ಹೇಳಿತು. 2013ರಲ್ಲಿ ಕೀನ್ಯಾದ ಗಾಜಿ ಕೊಲ್ಲಿಯ 117 ಹೆಕ್ಟೇರ್ ಕಾಂಡ್ಲಾ ಇಂಗಾಲದ ಕ್ರೆಡಿಟ್ (ಹಿಡಿದಿಟ್ಟ ಇಂಗಾಲದ ಲೆಕ್ಕಕ್ಕೆ ಮಾರುವ ಪತ್ರ) ಮಾರುಕಟ್ಟೆಗಿಳಿಯಿತು. ನಮ್ಮಲ್ಲಿ ಕಾಂಡ್ಲಾ ಬೆಳೆಸುವ ಕೇಂದ್ರದ ‘ಮಿಷ್ಟಿ’ ಯೋಜನೆ ಬಂದದ್ದು 2023ರಲ್ಲಿ.

ಕುಮಟಾದ ಅಘನಾಶಿನಿ ಅಳಿವೆಯ ಕಥೆ ಇದಕ್ಕಿಂತ ಹಳೆಯದು. ಅಳಿವೆ ದಂಡೆಯ ತಗ್ಗಿನ ಉಪ್ಪುನೀರಿನ ಗದ್ದೆಗಳಾದ ಗಜನಿಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಿತ್ತು; ಮಣ್ಣಿನ ಒಡ್ಡುಗಳು ಹೋಗಿ ಗಟ್ಟಿ ಒಡ್ಡುಗಳು ಬಂದವು, ಆಮೇಲೆ ಸಿಗಡಿ. ಕಾಯುವ ಕ್ರಮಗಳೂ ಬಂದವು: 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಸಿಗಡಿ ಕೃಷಿ ಕುರಿತ ಸುಪ್ರೀಂ ಕೋರ್ಟಿನ 1996ರ ತೀರ್ಪು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸರ್ ಪಟ್ಟ. ಒಡ್ಡು ಕಟ್ಟಿ ನೀರು ಬಸಿದರೆ ಕೆಸರಿಗೆ ಗಾಳಿ ಸೋಕುತ್ತದೆ. ಶತಮಾನಗಳಿಂದ ಕೊಳೆಯದೆ ಕೂತಿದ್ದ ಇಂಗಾಲ ಉತ್ಕರ್ಷಣಗೊಂಡು ಹೊರಡುತ್ತದೆ, ಗಂಧಕದ ಅಂಶ ಆಮ್ಲವಾಗಿ ಮಣ್ಣು ಹುಳಿಯಾಗುತ್ತದೆ.

ಕೆಸರಿನ ಇಂಗಾಲ ಅಳೆಯುವುದು ಹೀಗೆ. ಒಂದು ಮೀಟರ್ ಆಳಕ್ಕೆ ಕೊಳವೆ ಇಳಿಸಿ ಕೆಸರಿನ ಕಂಬ ತೆಗೆದು, 0–15, 15–30, 30–50, 50–100 ಸೆಂ.ಮೀ. ಪದರಗಳಾಗಿ ಕತ್ತರಿಸಬೇಕು. ಕೊಳವೆಯೊಳಗೆ ಕೆಸರು ಕುಗ್ಗಿದ್ದರೆ ಆಳದ ಲೆಕ್ಕ ಕೆಟ್ಟಂತೆ. ಕೊಳವೆಯ ಒಳಗಿನ ಮತ್ತು ಹೊರಗಿನ ಕೆಸರಿನ ಮಟ್ಟ ಎರಡನ್ನೂ ಬರೆದಿಡಿ. ಬೆಂಗಳೂರಿನ ಲ್ಯಾಬಿಗೆ ಕಳಿಸುವುದಾದರೆ ಐಸ್ ಪೆಟ್ಟಿಗೆ ಬೇಕು, ಬಸ್ಸಿನ ಬಿಸಿಯಲ್ಲಿ ಸೂಕ್ಷ್ಮಜೀವಿಗಳು ಇಂಗಾಲ ತಿನ್ನುತ್ತವೆ. 60 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. ಅಘನಾಶಿನಿಯ ಕೆಸರಿನಲ್ಲಿ ಚಿಪ್ಪಿನ ಚೂರು ವಿಪರೀತ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದನ್ನು ಕರಗಿಸದಿದ್ದರೆ ಸುಣ್ಣದ ಇಂಗಾಲವೂ ಸೇರಿ ಅಂಕಿ ಉಬ್ಬುತ್ತದೆ. ಘನ ಸೆಂಟಿಮೀಟರಿಗೆ 0.6 ಗ್ರಾಂ ಒಣ ಸಾಂದ್ರತೆ, 100 ಸೆಂ.ಮೀ. ಆಳ, ಶೇ. 4 ಇಂಗಾಲ: ಮೂರನ್ನೂ ಗುಣಿಸಿದರೆ ಹೆಕ್ಟೇರಿಗೆ 240 ಟನ್. ಇಂಗಾಲವನ್ನು ಡೈಆಕ್ಸೈಡಿನ ತೂಕಕ್ಕೆ ತಿರುಗಿಸಲು ಅದನ್ನು 3.67ರಿಂದ ಗುಣಿಸಿ, ಸುಮಾರು 880 ಟನ್ ಡೈಆಕ್ಸೈಡ್. ವರ್ಷಕ್ಕೆ ಆರರಂತೆ ಹೂಳಿದರೆ ಇಷ್ಟಾಗಲು ಒಂದೂವರೆ ಶತಮಾನ ಬೇಕು.

ಸಸಿ ನೆಡುವ ಫೋಟೋಗಳು ಚೆನ್ನಾಗಿ ಬರುತ್ತವೆ, ಸಸಿಗಳು ಬರುವುದಿಲ್ಲ. ಸರಾಸರಿ ಸಮುದ್ರ ಮಟ್ಟಕ್ಕಿಂತ ಕೆಳಗೆ, ಖಾಲಿ ಇದೆ ಎಂದು ನೆಟ್ಟ ಬಯಲಿನಲ್ಲಿ ಅವು ನೀರಿನಡಿ ಹೆಚ್ಚು ಹೊತ್ತು ಉಳಿದು ಉಸಿರುಗಟ್ಟುತ್ತವೆ. ಒಡ್ಡು ಒಡೆದು ಭರತ ಇಳಿತಕ್ಕೆ ದಾರಿ ಬಿಟ್ಟರೆ, ಹತ್ತಿರ ತಾಯಿಮರವಿದ್ದಲ್ಲಿ ಬೀಜ ತಾನೇ ತೇಲಿ ಬರುತ್ತದೆ.

ಇನ್ನೊಂದು ತೊಡಕು ಮಳೆಗಾಲ. ಕೆಸರಿನಿಂದ ಮೀಥೇನ್ ಎದ್ದರೆ ಲಾಭ ಕರಗುತ್ತದೆ, ಅದು ಡೈಆಕ್ಸೈಡಿಗಿಂತ ಹೆಚ್ಚು ಬಿಸಿ ಹಿಡಿಯುವ ಅನಿಲ. ಉಪ್ಪುನೀರಿನ ಸಲ್ಫೇಟ್ ಅದು ಹುಟ್ಟದಂತೆ ತಡೆಯುತ್ತದೆ. ಲವಣಾಂಶ ಸಾವಿರಕ್ಕೆ 18ರ ಮೇಲಿದ್ದರೆ ಮೀಥೇನ್ ನಗಣ್ಯ. ಆದರೆ ಜೂನ್ ದಾಟಿದರೆ ಅಘನಾಶಿನಿ ಬಹುತೇಕ ಸಿಹಿ. ಏಪ್ರಿಲ್‌ನಲ್ಲಷ್ಟೇ ಅಳೆದು ತಂದ ಲೆಕ್ಕದಲ್ಲಿ ಆ ತಿಂಗಳುಗಳ ಮೀಥೇನ್ ಇರುವುದೇ ಇಲ್ಲ.