ಪಿರಮಿಡ್ ಸಾಂಗ್‌ಗೆ ಆದಿತಾಳ ಹಾಕಿ ನೋಡಿ: ಸಂಗೀತ ಕಲಿಯುವವರಿಗೆ ಒಂದು ಕೇಳ್ಮೆಯ ಟಿಪ್ಪಣಿ

ಮೈಸೂರಿನಲ್ಲಿ ನಮ್ಮ ಜೊತೆ ವೀಣೆ, ಹಾಡುಗಾರಿಕೆ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ ಬರೆದಿದ್ದೇನೆ. ರಾಕ್ ಸಂಗೀತ ಕೇಳಿ ಅಭ್ಯಾಸ ಇಲ್ಲದಿದ್ದರೂ ಪರವಾಗಿಲ್ಲ. ಆದಿತಾಳ ಕೈಯಲ್ಲಿ ನಿಲ್ಲಬೇಕು, ಹನ್ನೆರಡು ಸ್ವರಸ್ಥಾನಗಳ ಹೆಸರು ಗೊತ್ತಿರಬೇಕು. ಅಷ್ಟಿದ್ದರೆ ಸಾಕು.

ಕೇಳಬೇಕಾದ ಹಾಡು ರೇಡಿಯೋಹೆಡ್ ತಂಡದ ‘ಪಿರಮಿಡ್ ಸಾಂಗ್’. ಇದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಕಡೆಯ ಐದು ಜನರ ತಂಡ. ಗಿಟಾರ್ ಹಾಡುಗಳಿಂದ ಹೆಸರು ಮಾಡಿದವರು, 2000ರಲ್ಲಿ ‘ಕಿಡ್ ಎ’ ಆಲ್ಬಂ ತರುವಾಗ ಗಿಟಾರನ್ನು ಬಹುಮಟ್ಟಿಗೆ ಪಕ್ಕಕ್ಕಿಟ್ಟರು. ಎಲೆಕ್ಟ್ರಾನಿಕ್ ಸದ್ದು, ಜಾಝ್, ಪಿಟೀಲು ಮೇಳ ಎಲ್ಲವನ್ನೂ ಒಳಗೆ ಬಿಟ್ಟುಕೊಂಡರು. ಮರುವರ್ಷ, 2001ರಲ್ಲಿ ಬಂದ ‘ಆಮ್ನೀಸಿಯಾಕ್’ ಆಲ್ಬಂನಲ್ಲಿ ಈ ಹಾಡು ಇದೆ. ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ. ನದಿಗೆ ಧುಮುಕುವುದು, ದೋಣಿ, ಚಂದ್ರ, ಭಯವಿಲ್ಲದ ಒಂದು ಸ್ಥಿತಿ – ಸಾಹಿತ್ಯ ಇಷ್ಟರ ಸುತ್ತ ಇದೆ.

ಈ ಹಾಡನ್ನು ಕೇಳಿದ ತುಂಬಾ ಜನ ಇದಕ್ಕೆ ತಾಳವೇ ಇಲ್ಲ, ಸುಮ್ನೆ ತೇಲುತ್ತದೆ ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇದು ಅಪ್ಪಟ ಎಂಟು ಅಕ್ಷರದ, ಅಂದರೆ ಎಂಟು ಎಣಿಕೆಯ ಆವರ್ತ. ನಡೆ ತಿಶ್ರ, ಪ್ರತಿ ಎಣಿಕೆಗೆ ಮೂರು ಮಾತ್ರೆ. ನಮ್ಮ ಆದಿತಾಳವನ್ನು ಇದಕ್ಕೆ ಹಾಕಬಹುದು. ಹಾಕಿದಾಗ ಆ ತೇಲುವಿಕೆ ಎಲ್ಲಿಂದ ಬರುತ್ತದೆ ಅನ್ನುವುದು ಕೈಗೇ ತಿಳಿಯುತ್ತದೆ.

ಮೊದಲ ಸಲ ತಾಳ ಹಾಕಬೇಡಿ. ಇಯರ್‌ಫೋನ್ ಹಾಕಿಕೊಂಡು ಕೊನೆಯವರೆಗೂ ಕೇಳಿ. ಶುರುವಿನಲ್ಲಿ ಪಿಯಾನೋ ಒಂದೇ. ದಪ್ಪ ದಪ್ಪ ಪೆಟ್ಟುಗಳು ಬೀಳುತ್ತವೆ. ನಡುವೆ ಬಿಡುವಿದೆ, ಆ ಬಿಡುವು ಪ್ರತಿ ಸಲ ಒಂದೇ ಅಳತೆಯದಲ್ಲ ಅನ್ನಿಸುತ್ತದೆ. ಮೇಲೆ ಮಾತಿಲ್ಲದ ಒಂದು ಗುನುಗು. ಆಮೇಲೆ ಟಾಮ್ ಯಾರ್ಕ್ ಹಾಡಲು ತೊಡಗುತ್ತಾರೆ, ಪಿಟೀಲುಗಳು ಮೆಲ್ಲಗೆ ಸೇರುತ್ತವೆ. ಸುಮಾರು ಎರಡು ನಿಮಿಷಕ್ಕೆ ಫಿಲ್ ಸೆಲ್ವೇ ಅವರ ಡ್ರಮ್ಸ್ ಬರುತ್ತದೆ. ಆಗ ಹಾಡಿಗೆ ಒಂದು ತೂಗು ಸಿಗುತ್ತದೆ. ಆ ಕ್ಷಣವನ್ನು ನೆನಪಿಟ್ಟುಕೊಳ್ಳಿ.

ಎರಡನೇ ಸಲ ಹಾಡನ್ನು ಡ್ರಮ್ಸ್ ಬರುವ ಜಾಗಕ್ಕೆ ಸರಿಸಿ, ಅಲ್ಲಿಂದ ಆದಿತಾಳ ಹಾಕಿ. ಡ್ರಮ್ಸ್‌ನ ಲಯ ಹಿಡಿದು ಎಂಟು ಎಣಿಸಿ. ಕೈ ನಿಂತ ಮೇಲೆ ಕಿವಿಯನ್ನು ಪಿಯಾನೋ ಕಡೆ ತಿರುಗಿಸಿ. ಒಂದು ಆವರ್ತದಲ್ಲಿ ಐದು ಪೆಟ್ಟುಗಳು ಸಿಗುತ್ತವೆ. ಮೊದಲನೆಯದು ಸಮದಲ್ಲಿ, ಅಂದರೆ ಆವರ್ತದ ಮೊದಲ ಎಣಿಕೆಯಲ್ಲಿ, ನಿಮ್ಮ ಘಾತಕ್ಕೆ ಸರಿಯಾಗಿ. ಎರಡನೆಯದು ಕಿರುಬೆರಳು ಎಣಿಸಿದ ಮೇಲೆ, ಉಂಗುರ ಬೆರಳಿಗೆ ಹೋಗುವ ಮೊದಲು. ಮೂರನೆಯದು ಸರಿಯಾಗಿ ನಡುಬೆರಳಿನ ಮೇಲೆ. ಆಮೇಲೆ ದ್ರುತದ ಪೆಟ್ಟು ಹಾಕುತ್ತೀರಿ, ಅಲ್ಲಿ ಪಿಯಾನೋ ಹೊಸ ಪೆಟ್ಟು ಕೊಡುವುದಿಲ್ಲ. ನಾಲ್ಕನೆಯದು ಆ ದ್ರುತದ ವಿಸರ್ಜಿತದಲ್ಲಿ, ಕೈ ತಿರುಗಿಸಿದಾಗ ಬೀಳುತ್ತದೆ. ಐದನೆಯದು ಎರಡನೇ ದ್ರುತದ ಪೆಟ್ಟಾದ ಮೇಲೆ, ಕೈ ತಿರುಗುವ ಮೊದಲು. ಮತ್ತೆ ಸಮ.

ಈಗ ಗಮನಿಸಿ. ಆವರ್ತದ ಅರ್ಧಕ್ಕೆ, ಐದನೇ ಎಣಿಕೆಗೆ, ನಮ್ಮ ಕೈ ಜೋರಾಗಿ ಬೀಳುತ್ತದೆ. ಕಿವಿ ಅಲ್ಲಿ ಏನೋ ಬರಬೇಕು ಅಂತ ಕಾಯುತ್ತದೆ. ಏನೂ ಬರುವುದಿಲ್ಲ. ತಾಳ ಕಳೆದುಹೋಗುವುದು ಅಲ್ಲೇ. ತಾಳ ಹಾಕದೆ ಕೇಳುವವರಿಗೆ ಸಮ ಯಾವುದು, ಅರ್ಧ ಯಾವುದು ಗೊತ್ತಾಗದೆ ಐದು ಪೆಟ್ಟುಗಳೂ ಒಂದೇ ತೂಕದವು ಅನ್ನಿಸುತ್ತವೆ. ತಾಳ ಹಾಕುವವರಿಗೆ ಆ ಖಾಲಿ ಜಾಗವೇ ಹಾಡಿನ ನಡು.

ಇನ್ನು ಲೆಕ್ಕ. ಪ್ರತಿ ಅಕ್ಷರವನ್ನು ಎರಡು ಭಾಗ ಮಾಡಿದರೆ ಒಟ್ಟು 16. ಪೆಟ್ಟುಗಳ ನಡುವಿನ ಅಂತರ 3, 3, 4, 3, 3. ಈ ಹಾಡಿನ ಬಗ್ಗೆ ಬರೆಯುವವರು ಹೆಚ್ಚಾಗಿ ಈ ಲೆಕ್ಕವನ್ನೇ ಕೊಡುತ್ತಾರೆ. ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ, ನೋಡಲು ಚಂದ. ಆದರೆ ಹಾಡಿನ ಜೊತೆ ಇದನ್ನು ಸಮನಾಗಿ ಹೇಳಿ ನೋಡಿ. ಎರಡನೇ ಮತ್ತು ಐದನೇ ಪೆಟ್ಟಿಗೆ ನಾವು ಚೂರು ಮುಂಚೆ ಬಂದುಬಿಡುತ್ತೇವೆ. ಪಿಯಾನೋ ನಮಗಿಂತ ತಡ.

ಕಾರಣ ಇಷ್ಟೇ. ಈ ಹಾಡು ಜಾಝ್‌ನವರ ಹಾಗೆ ತೂಗಿಕೊಂಡು ನಡೆಯುತ್ತದೆ. ಅಕ್ಷರದ ಎರಡು ಭಾಗಗಳು ಸಮ ಅಲ್ಲ. ಮೊದಲ ಭಾಗ ಉದ್ದ, ಎರಡನೆಯದು ಗಿಡ್ಡ, ಹೆಚ್ಚು ಕಡಿಮೆ ಎರಡಕ್ಕೆ ಒಂದು. ನಮ್ಮ ಮಾತಲ್ಲಿ ಹೇಳುವುದಾದರೆ ಪ್ರತಿ ಅಕ್ಷರಕ್ಕೆ ‘ತಕಿಟ’ ಇದೆ. ಅಕ್ಷರದ ಮೇಲೆ ಬೀಳುವ ಪೆಟ್ಟುಗಳು ‘ತ’ ಮೇಲೆ ಬೀಳುತ್ತವೆ, ನಡುವೆ ಬರುವ ಎರಡು ಪೆಟ್ಟುಗಳು ‘ಟ’ ಮೇಲೆ. ಹಾಗೆ ನೋಡಿದರೆ ಒಂದು ಆವರ್ತಕ್ಕೆ 24 ಮಾತ್ರೆ. ಅಂತರಗಳು 5, 4, 6, 5, 4. ಕೂಡಿಸಿ, 24 ಆಗುತ್ತದೆ.

ಆದಿತಾಳ ತಿಶ್ರ ನಡೆಯಲ್ಲಿ ಹಾಕಿಕೊಂಡು ಇದನ್ನು ಹೇಳಿ:

ತದಿಗಿಣತೊಂ – ತಕದಿಮಿ – ತಕತಕದಿಮಿ – ತದಿಗಿಣತೊಂ – ತಕದಿಮಿ

ಪ್ರತಿ ಜತಿಯ ಮೊದಲ ‘ತ’ ಬಂದಾಗ ಪಿಯಾನೋ ಬೀಳಬೇಕು. ಹಾಡಿನ ಲಯ ನಿಧಾನ, ಹಾಗಾಗಿ ಬಾಯಿಗೆ ಕಷ್ಟವಿಲ್ಲ. ಕೈ ಜಾಸ್ತಿ ಜಾಗ್ರತೆ ಕೇಳುತ್ತದೆ. ಇದು ಯಂತ್ರದ ಅಳತೆಯಲ್ಲ, ನುಡಿಸುವವರ ತೂಗು ಅಲ್ಲಲ್ಲಿ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಆದರೂ 3-3-4-3-3ಕ್ಕಿಂತ ಇದು ಕಿವಿಗೆ ಹತ್ತಿರ. ಕಾಗದದ ಮೇಲಿನ ಆ ಕನ್ನಡಿಯಂಥ ಚೆಲುವು ಇಲ್ಲಿ ಉಳಿಯುವುದಿಲ್ಲ. ಉಳಿಯದಿದ್ದರೆ ಬೇಡ. ಐದಾದ ಮೇಲೆ ನಾಲ್ಕು, ಆಮೇಲೆ ಆರು ಎಳೆದು, ಮತ್ತೆ ಐದು ನಾಲ್ಕು – ಮುಂದೆ ಬಾಗಿ ಹಿಂದೆ ಸರಿಯುವ ಈ ನಡಿಗೆಯೇ ನನಗೆ ಹೆಚ್ಚು ಇಷ್ಟ.

ಈಗ ಹಾಡನ್ನು ಮೊದಲಿನಿಂದ ಹಾಕಿ. ಪಿಯಾನೋ ಒಂದೇ ಇರುವಾಗಲೇ ಈ ಜತಿ ಹೇಳುತ್ತಾ ತಾಳ ನಡೆಸಿ. ಡ್ರಮ್ಸ್ ಬರುವವರೆಗೂ ಬಿಡಬೇಡಿ. ಕೈ ಸರಿಯಿದ್ದರೆ ಡ್ರಮ್ಸ್ ಬಂದು ನಿಮ್ಮ ತಾಳದ ಮೇಲೆಯೇ ಕೂರುತ್ತದೆ. ಲಯ ಮೊದಲಿನಿಂದಲೂ ಇತ್ತು, ಡ್ರಮ್ಸ್ ಅದನ್ನು ಬೆಳಕಿಗೆ ತಂದಿತು ಅಷ್ಟೇ. ಈ ಸುಖವನ್ನು ದಯವಿಟ್ಟು ಓದಿ ಬಿಡಬೇಡಿ, ಮಾಡಿ ನೋಡಿ.

ಈ ಲಯಕ್ಕೆ ಅಮೆರಿಕದ ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ ಸಂಗೀತದ ಪ್ರೇರಣೆ ಇದೆ ಎಂದು ಯಾರ್ಕ್ ಹೇಳಿದ್ದಾರೆ. ಇನ್ನೊಂದು ಎಳೆಯೂ ಇದೆ, ನಮಗೆ ಬೇಕಾದದ್ದು. ತಂಡದ ಜಾನಿ ಗ್ರೀನ್‌ವುಡ್ ಅವರಿಗೆ ಫ್ರಾನ್ಸಿನ ಸಂಗೀತ ರಚನೆಕಾರ ಒಲಿವಿಯೇ ಮೆಸಿಯಾನ್ ಅವರ ಸಂಗೀತ ಎಂದರೆ ಪ್ರಾಣ. ಆ ಮೆಸಿಯಾನ್, 13ನೇ ಶತಮಾನದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದಲ್ಲಿರುವ 120 ದೇಶೀ ತಾಳಗಳನ್ನು ಕೂತು ಅಭ್ಯಾಸ ಮಾಡಿದವರು. ಹಿಂದು ಮುಂದಾದರೂ ಬದಲಾಗದ ಲಯಗಳ ಮೇಲೆ ಅವರಿಗೆ ವಿಶೇಷ ಪ್ರೀತಿ. ಪಿರಮಿಡ್ ಸಾಂಗ್‌ನ ಲಯ ಅಲ್ಲಿಂದ ಬಂತು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವಿಲ್ಲ. ಆದರೆ ಶಾರ್ಙ್ಗದೇವನ ತಾಳಗಳನ್ನು ಅಭ್ಯಾಸ ಮಾಡಿದವರ ಸಂಗೀತ ಕೇಳಿ ಬೆಳೆದ ಕಿವಿಯೊಂದು ಈ ತಂಡದಲ್ಲಿದೆ, ಅಷ್ಟು ನಿಜ.

ಸ್ವರಗಳ ಕಡೆಗೆ ಬರೋಣ. ಇಲ್ಲಿ ಇನ್ನೂ ಒಂದು ಖುಷಿ ಕಾದಿದೆ.

ಪಿಯಾನೋದಲ್ಲಿ ಮುಖ್ಯವಾಗಿ ಮೂರು ಕಾರ್ಡ್‌ಗಳಿವೆ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಮೂರು ನಾಲ್ಕು ಸ್ವರಗಳ ಗುಂಪು. ಎಫ್ ಶಾರ್ಪ್ ಅನ್ನು ಷಡ್ಜ ಮಾಡಿಕೊಳ್ಳಿ. ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಮನೆ ಶ್ರುತಿ. ತಂಬೂರಿ ಆ್ಯಪ್‌ನಲ್ಲಿ ನಾಲ್ಕೂವರೆ ಇಟ್ಟು ಹಾಡಿನ ಜೊತೆ ಬಿಟ್ಟರೆ ಹೊಂದುತ್ತದೆ. ವೀಣೆಯನ್ನು ಮಾತ್ರ ಅಷ್ಟಕ್ಕೆ ಏರಿಸಲು ಹೋಗಬೇಡಿ, ತಂತಿ ಉಳಿಯುವುದಿಲ್ಲ. ನಿಮ್ಮ ಶ್ರುತಿಯಲ್ಲೇ ಸ್ವರಗಳನ್ನು ನುಡಿಸಿಕೊಳ್ಳಿ.

ಮೊದಲ ಕಾರ್ಡ್: ಸ, ಅಂತರ ಗಾಂಧಾರ, ಪ. ಎರಡನೆಯದು: ಶುದ್ಧ ರಿಷಭ, ಶುದ್ಧ ಮಧ್ಯಮ, ಶುದ್ಧ ಧೈವತ, ಜೊತೆಗೆ ಸ. ಮೂರನೆಯದು: ಸಾಧಾರಣ ಗಾಂಧಾರ, ಪ, ಕೈಶಿಕಿ ನಿಷಾದ, ಜೊತೆಗೆ ಸ. ಷಡ್ಜ ಮೂರರಲ್ಲೂ ಇದೆ, ನೋಡಿದಿರಾ? ಕೆಳಗಿನ ಸ್ವರಗಳು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರೂ ಅದು ಕದಲುವುದಿಲ್ಲ. ವೀಣೆ ನುಡಿಸುವವರಿಗೆ ಇದು ಹೊಸದಲ್ಲ. ಬಲಗೈ ಕಿರುಬೆರಳಲ್ಲಿ ಮೀಟುವ ತಾಳದ ತಂತಿಗಳು ಮಾಡುವ ಕೆಲಸವೂ ಇದೇ. ಎಡಗೈ ಎಲ್ಲೆಲ್ಲಿ ಓಡಾಡಿದರೂ ಅವು ಸ-ಪ-ಸ ಹೇಳುತ್ತಲೇ ಇರುತ್ತವೆ. ರಾಕ್ ಹಾಡು ಕೇಳುತ್ತಾ ನಮ್ಮಂಥವರಿಗೆ ಊರಿಗೆ ಬಂದ ಹಾಗೆ ಅನ್ನಿಸುವುದು ಈ ನಿಂತ ಷಡ್ಜದಿಂದ.

ಈಗ ಗಾಂಧಾರ. ಮೊದಲ ಕಾರ್ಡಿನಲ್ಲಿ ಅಂತರ, ಮೂರನೆಯದರಲ್ಲಿ ಸಾಧಾರಣ. ಉಳಿದ ಸ್ವರಗಳನ್ನು ಜೋಡಿಸಿ: ಸ, ಶುದ್ಧ ರಿ, ಶುದ್ಧ ಮ, ಪ, ಶುದ್ಧ ಧ, ಕೈಶಿಕಿ ನಿ. ಅಂತರ ಗಾಂಧಾರ ಇಟ್ಟರೆ 14ನೇ ಮೇಳ (ಏಳು ಸ್ವರಗಳ ಸಾಲು) ವಕುಳಾಭರಣ. ಸಾಧಾರಣ ಗಾಂಧಾರ ಇಟ್ಟರೆ 8ನೇ ಮೇಳ ಹನುಮತೋಡಿ. ಹಾಡು ಈ ಎರಡು ಮೇಳಗಳ ನಡುವೆ ಒಂದೇ ಒಂದು ಸ್ವರದ ಮೇಲೆ ವಾಲುತ್ತಿರುತ್ತದೆ. ಕತ್ತಲೆಯೂ ಅಲ್ಲದ, ಬೆಳಕೂ ಅಲ್ಲದ ಆ ಬಣ್ಣ ಇದರಿಂದ ಬಂದದ್ದು. ತಂಬೂರಿ ಹಾಕಿಕೊಂಡು ‘ಸ ರಿ ಗಾ’ ಎಂದು ಒಂದು ಸಲ ಅಂತರದಲ್ಲಿ ನಿಲ್ಲಿ, ಇನ್ನೊಂದು ಸಲ ಸಾಧಾರಣದಲ್ಲಿ ನಿಲ್ಲಿ. ಆಮೇಲೆ ಹಾಡು ಕೇಳಿ. ಗಾಂಧಾರ ಬದಲಾಗುವ ಜಾಗ ಕಿವಿಗೆ ಎದ್ದು ಕೇಳಿಸುತ್ತದೆ.

ಇಷ್ಟು ಕೇಳಿದ ಮೇಲೆ ಯಾರಾದರೂ ‘ಇದು ತೋಡಿ’ ಎಂದರೆ ಒಪ್ಪಬೇಡಿ. ಸ್ವರಸ್ಥಾನ ಹೊಂದಿದ ಮಾತ್ರಕ್ಕೆ ರಾಗ ಆಗುವುದಿಲ್ಲ ಅಲ್ವಾ? ತೋಡಿಯ ಗಾಂಧಾರ ನಿಲ್ಲುವ ಸ್ವರವೇ ಅಲ್ಲ, ರಿಷಭ ಮಧ್ಯಮಗಳ ನಡುವೆ ಕಂಪಿಸುತ್ತದೆ. ಪಿಯಾನೋದ ಗಾಂಧಾರ ನೆಟ್ಟ ಕಂಬ. ಒಂದೇ ರಾಗದಲ್ಲಿ ಎರಡೂ ಗಾಂಧಾರಗಳನ್ನು ಹೀಗೆ ಸರದಿಯ ಮೇಲೆ ತರುವುದೂ ನಮ್ಮ ತೋಡಿಯಲ್ಲಿ ಇಲ್ಲ. ಮೇಳದ ಹೆಸರುಗಳನ್ನು ಸ್ವರ ಗುರುತಿಸಲು ಬಳಸಿದ್ದೇನೆ, ಅಷ್ಟೇ.

ಹಾಗಾದರೆ ಈ ಹಾಡಿನಲ್ಲಿ ಗಮಕದ, ಅಂದರೆ ಸ್ವರವನ್ನು ಅಲುಗಿಸುವ, ಜಾರಿಸುವ ಬಗೆಯ ಹತ್ತಿರ ಬರುವುದು ಯಾವುದು? ಹಿಂದೆ ಜಾರುವ ಸದ್ದುಗಳು. ಪಿಟೀಲು ಮೇಳಕ್ಕೆ ಸ್ವರ ಜೋಡಿಸಿದವರು ಗ್ರೀನ್‌ವುಡ್. ನುಡಿಸಿದವರು ಆರ್ಕೆಸ್ಟ್ರಾ ಆಫ್ ಸೇಂಟ್ ಜಾನ್ಸ್. ಡಾರ್ಚೆಸ್ಟರ್ ಅಬ್ಬೆ ಎಂಬ ಹಳೆಯ ಇಗರ್ಜಿಯಲ್ಲಿ ರೆಕಾರ್ಡ್ ಮಾಡಿದರು. ಆ ಕಲ್ಲುಗೋಡೆಗಳ ಗುಂಗು ಕೇಳಿಸುತ್ತದೆ. ಇದರ ಜೊತೆ ಗ್ರೀನ್‌ವುಡ್ ಓಂದ್ ಮಾರ್ತೆನೋ ನುಡಿಸಿದ್ದಾರೆ. 1928ರಲ್ಲಿ ಮೋರಿಸ್ ಮಾರ್ತೆನೋ ಎಂಬ ಫ್ರೆಂಚ್ ಮನುಷ್ಯ ಜನರ ಮುಂದಿಟ್ಟ ವಿದ್ಯುತ್ ವಾದ್ಯ ಇದು. ಬೆರಳಿಗೆ ಒಂದು ಉಂಗುರ ಹಾಕಿಕೊಂಡು ತಂತಿಯುದ್ದಕ್ಕೂ ಸರಿಸಿದರೆ ಸ್ವರ ಎಲ್ಲೂ ಕಡಿಯದೆ ಜಾರುತ್ತದೆ. ಮೆಸಿಯಾನ್ ತಮ್ಮ ದೊಡ್ಡ ಕೃತಿಗಳಲ್ಲಿ ಇದನ್ನು ಬಳಸಿದ್ದರು. ನಾವು ಇದರಲ್ಲಿ ಗುರುತಿಸಬಹುದಾದದ್ದು ಜಾರು. ಕಂಪಿತ, ಸ್ಫುರಿತದಂಥ ಬೇರೆ ಗಮಕಗಳು ಇಲ್ಲ. ಆದರೆ ಕಂಬ ನೆಟ್ಟ ಪಿಯಾನೋ ಮುಂದೆ, ಜಾರುವ ತಂತಿಗಳು ಹಿಂದೆ. ಸ್ಥಿರ ಸ್ವರ ಮತ್ತು ಚಲಿಸುವ ಸ್ವರ ಎರಡನ್ನೂ ಬೇರೆ ಬೇರೆ ವಾದ್ಯಕ್ಕೆ ಹಂಚಿದ್ದಾರೆ. ನಾವು ಎರಡನ್ನೂ ಒಂದೇ ತಂತಿಯಲ್ಲಿ ಮಾಡುತ್ತೇವೆ.

ಇಂಥ ಕೇಳ್ಮೆ ಮೈಸೂರಿಗೆ ಹೊರಗಿನದು ಅಂತ ಯಾರಿಗೂ ಅನ್ನಿಸಬೇಕಾಗಿಲ್ಲ. ದಸರಾ ಬಂದರೆ ಪೊಲೀಸರ ಕರ್ನಾಟಕ ವಾದ್ಯವೃಂದ, ಆಂಗ್ಲ ವಾದ್ಯವೃಂದ ಎರಡನ್ನೂ ಕೇಳುವ ಊರು ಇದು. ಜಯಚಾಮರಾಜ ಒಡೆಯರ್ ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದವರು. ರಷ್ಯಾದ ನಿಕೊಲಾಯ್ ಮೆಟ್ನರ್ ಅವರ ಪಿಯಾನೋ ಸಂಗೀತ 1940ರ ದಶಕದಲ್ಲಿ ರೆಕಾರ್ಡ್ ಆಗಲು ಹಣ ಕೊಟ್ಟವರೂ ಅವರೇ. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದರು. ಒಂದು ಕಿವಿ ಇನ್ನೊಂದನ್ನು ಕೆಡಿಸುತ್ತದೆ ಎಂಬ ಭಯ ಆ ಕಾಲದ ಅರಮನೆಯಲ್ಲಿ ಇರಲಿಲ್ಲ. ನಮಗೂ ಬೇಡ.

ಕೊನೆಗೆ ಗಾಯನ. ಯಾರ್ಕ್ ಅವರ ಸಾಲುಗಳು ಉದ್ದ, ಪಿಯಾನೋ ಪೆಟ್ಟುಗಳಿಗೆ ಅಂಟಿಕೊಳ್ಳುವುದಿಲ್ಲ. ತಾಳ ಕೈಯಲ್ಲಿ ನಿಂತವರು ಈಗ ಅವರ ಎಡುಪು ಹುಡುಕಬೇಕು. ಪ್ರತಿ ಸಾಲು ಯಾವ ಎಣಿಕೆಯಲ್ಲಿ ಶುರುವಾಗುತ್ತದೆ, ಸಮದಲ್ಲೋ, ಅತೀತವೋ, ಅನಾಗತವೋ (ಸಮಕ್ಕೆ ಮುಂಚೆಯೋ, ಆಮೇಲೋ) – ಒಂದು ಹಾಳೆಯಲ್ಲಿ ಗುರುತು ಹಾಕಿ. ಆವರ್ತದ ಎಂಟು ಮನೆಗಳನ್ನು ಬರೆದು, ಪ್ರತಿ ಮನೆಯಲ್ಲಿ ತ-ಕಿ-ಟ ಮೂರು ಚುಕ್ಕೆ ಇಟ್ಟುಕೊಂಡರೆ ಸುಲಭ. ಪಿಯಾನೋಗೆ ಒಂದು ಬಣ್ಣ, ಗಾಯನಕ್ಕೆ ಇನ್ನೊಂದು. ಮೃದಂಗ ಕಲಿಯುವವರು ಜೊತೆಗೆ ಡ್ರಮ್ಸ್‌ಗೂ ಒಂದು ಬಣ್ಣ ಹಾಕಿ. ಮುಂದಿನ ಸಲ ಸೇರುವಾಗ ಆ ಹಾಳೆ ತನ್ನಿ. ಒಬ್ಬರು ಜತಿ ಹೇಳುವುದು, ಒಬ್ಬರು ಷಡ್ಜ ಹಿಡಿಯುವುದು, ಉಳಿದವರು ಐದು ಪೆಟ್ಟು ಚಪ್ಪಾಳೆಯಲ್ಲಿ ಹಾಕುವುದು. ಹಾಡು ಹಾಕದೆಯೇ ನಾವೇ ಅದನ್ನು ಎರಡು ನಿಮಿಷ ನಿಲ್ಲಿಸಿಕೊಳ್ಳಲು ನೋಡೋಣ.