ಬಾಯೊಳಗೆ ಮೂರು ಬೆರಳು ಹೋಗುತ್ತಾ, ನೋಡಿಕೊಳ್ಳಿ

ಹಲ್ಲುನೋವು ಅಂತ ಬಂದಿದ್ದ ಹುಡುಗ. ವಯಸ್ಸು 24, ಲಾರಿ ಓಡಿಸುತ್ತಾನೆ. ಬಾಯಿ ತೆಗಿಯಪ್ಪ ಅಂದೆ. ನನ್ನ ಪುಟ್ಟ ಕನ್ನಡಿಯೂ ಒಳಗೆ ತೂರಲಿಲ್ಲ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ 18 ಮಿಲಿಮೀಟರ್ ಜಾಗ.

"ಏನು ಹಾಕ್ತೀಯ?"

"ತಂಬಾಕು ಮುಟ್ಟಲ್ಲ ಮೇಡಂ. ಬರೀ ಪಾನ್ ಮಸಾಲ."

ಈ 'ಬರೀ' ಅನ್ನೋ ಮಾತನ್ನು ದಾವಣಗೆರೆಯಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ತಂಬಾಕು ಇಲ್ಲದಿದ್ದರೂ ಪಾನ್ ಮಸಾಲದಲ್ಲಿರುವ ಅಡಿಕೆಯೊಂದೇ ಸಾಕು, ಬಾಯಿ ಕೆಡಲು. ಅಡಿಕೆಯಲ್ಲಿರುವ ಅರಿಕೋಲಿನ್ ಅನ್ನೋ ರಾಸಾಯನಿಕ ಕೆನ್ನೆಯ ಒಳಪದರದಲ್ಲಿ ನಾರು ಜಾಸ್ತಿ ಬೆಳೆಸುತ್ತದೆ. ಅಡಿಕೆಯಲ್ಲಿರುವ ತಾಮ್ರ ಆ ನಾರನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹುಡುಗನ ಕೆನ್ನೆಯೊಳಗೆ ಬೆರಳಾಡಿಸಿದರೆ ಹುರಿ ಕಟ್ಟಿದ ಹಾಗೆ ಕೈಗೆ ಸಿಗುತ್ತಿತ್ತು. ಕೆಂಪಗೆ ಮೆತ್ತಗೆ ಇರಬೇಕಾದ ಜಾಗ ಬಿಳಿಚಿಕೊಂಡಿತ್ತು. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತೇವೆ. ಕೆಲವರಲ್ಲಿ ಇದೇ ಮುಂದೆ ಬಾಯಿ ಕ್ಯಾನ್ಸರ್ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಇದನ್ನು ಹೇಳುವಾಗ ನನಗೂ ಕಷ್ಟ ಆಗುತ್ತದೆ. ಚನ್ನಗಿರಿ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳ ಓದು, ಮದುವೆ ಎಲ್ಲ ಅಡಿಕೆಯ ದುಡ್ಡಲ್ಲೇ ಆಗಿದೆ. ಊಟದ ಮೇಲೆ ಒಂದು ಸಲ ಎಲೆ ಅಡಿಕೆ ಹಾಕುವ ಅಜ್ಜಿಗೂ, ದಿನವಿಡೀ ಪ್ಯಾಕೆಟ್ ಹರಿದು ಕೆನ್ನೆಯಲ್ಲಿ ಒತ್ತರಿಸಿಕೊಳ್ಳುವ ಹುಡುಗನಿಗೂ ವ್ಯತ್ಯಾಸ ಇದೆ, ನಿಜ. ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷ ಹಾಕುತ್ತಾರೆ ಅನ್ನೋದರ ಮೇಲೆ ಅಪಾಯ ಏರುತ್ತದೆ. ಆದರೆ ಅಜ್ಜಿಗೂ ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ.

ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯಿತು. ಅಂಗಡಿಯಲ್ಲಿ ಈಗ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು. ಎರಡನ್ನೂ ಕೈಯಲ್ಲೇ ಬೆರೆಸುತ್ತಾರೆ, ಅಷ್ಟೇ.

ಮೊದಲ ಗುರುತು ನೋವಲ್ಲ, ಉರಿ. ಮಂಡಕ್ಕಿ ಮಿರ್ಚಿ ಇಷ್ಟಪಟ್ಟು ತಿನ್ನುತ್ತಿದ್ದವರು ಖಾರ ತಿನ್ನಲಾಗದೆ ಬಿಟ್ಟುಬಿಡುತ್ತಾರೆ. ಆಮೇಲೆ ಬಾಯಿ ಒಣಗುತ್ತದೆ, ಶಿಳ್ಳೆ ಹಾಕಲು ಬರುವುದಿಲ್ಲ. ನಿಮ್ಮ ಮೂರು ಬೆರಳು ಜೋಡಿಸಿ ಹಲ್ಲುಗಳ ನಡುವೆ ನಿಲ್ಲಿಸಿ ನೋಡಿ. ಹೋಗದಿದ್ದರೆ ದಂತವೈದ್ಯರಿಗೆ ತೋರಿಸಿ.

ಒಮ್ಮೆ ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲ. ಅಡಿಕೆ ಬಿಟ್ಟರೆ ಮಾತ್ರ ಚಿಕಿತ್ಸೆ ಕೆಲಸ ಮಾಡುತ್ತದೆ. ಬಿಡೋದೂ ಸುಲಭ ಅಲ್ಲ. ನಿಕೋಟಿನ್ ಹಾಗೆ ಅರಿಕೋಲಿನ್ ಕೂಡ ಮಿದುಳಿಗೆ ಚಟ ಹತ್ತಿಸುತ್ತದೆ. ಹಾಗಾಗಿ ಬಿಡಲಾಗದವರನ್ನು ನಾನು ಬೈಯುವುದಿಲ್ಲ. ತಂಬಾಕೂ ಸೇರಿಸುವವರಾದರೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-112-356ಕ್ಕೆ ಫೋನ್ ಮಾಡಲಿ, ದುಡ್ಡು ಕೊಡಬೇಕಿಲ್ಲ.

ಆ ಹುಡುಗನಿಗೆ ಕೆನ್ನೆಗೆ ಇಂಜೆಕ್ಷನ್ ಶುರು ಮಾಡಿದೆ. ಜೊತೆಗೆ ಐಸ್‌ಕ್ರೀಂ ಕಡ್ಡಿಗಳ ಒಂದು ಕಟ್ಟು ಕೊಟ್ಟೆ. ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ಬಾಯಿ ಹಿಗ್ಗಿಸಬೇಕು. ಮೊದಲ ದಿನ ಒಂಬತ್ತು ಹಿಡಿಸಿತು. ಮೂರು ತಿಂಗಳಾಗಿದೆ, ಈಗ ಹನ್ನೆರಡು. ಕಟ್ಟನ್ನು ರಬ್ಬರ್ ಬ್ಯಾಂಡ್ ಹಾಕಿ ಲಾರಿಯಲ್ಲೇ ಇಟ್ಟುಕೊಂಡಿದ್ದಾನೆ, ಮೊದಲು ಪ್ಯಾಕೆಟ್ ಇಡುತ್ತಿದ್ದ ಜಾಗದಲ್ಲಿ.