ಮಾತಿನ ಸರದಿಗೆ 200 ಮಿಲಿಸೆಕೆಂಡು: ದುಂಡುಮೇಜಿನ ನೇರ ಪಾಡ್‌ಕಾಸ್ಟ್ ಎಲ್ಲಿ ಕೆಡುತ್ತದೆ?

ಒಂದೇ ಕೋಣೆಯಲ್ಲಿ ಕೂತ ನಾಲ್ವರ ಮಾತುಕತೆಯಲ್ಲಿ, ಒಬ್ಬರು ಮುಗಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಎಷ್ಟು? ಹತ್ತು ಭಾಷೆಗಳ ಪ್ರಶ್ನೋತ್ತರಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸರಾಸರಿ ಸುಮಾರು 200 ಮಿಲಿಸೆಕೆಂಡು. ಜಪಾನಿ ಭಾಷೆಯಲ್ಲಿ ಬರೀ 7, ಡೇನಿಷ್‌ನಲ್ಲಿ 469. ಆದರೆ ಒಂದು ಪದವನ್ನು ನೆನೆದು ಬಾಯಿಗೆ ತರಲು ಮಿದುಳಿಗೆ 600 ಮಿಲಿಸೆಕೆಂಡಾದರೂ ಬೇಕು. ಅಂದರೆ ಎದುರಿನವರ ಮಾತು ಮುಗಿಯುವ ಮೊದಲೇ ನಮ್ಮ ಉತ್ತರ ತಯಾರಾಗಿ, ನುಗ್ಗಲು ಸಂದಿ ಹುಡುಕುತ್ತಿರುತ್ತದೆ. ಇಂಟರ್‌ನೆಟ್ ಮೂಲಕ ನಡೆಯುವ ನೇರ ಚರ್ಚೆಯಲ್ಲಿ ಮೊದಲು ಕೆಡುವುದು ಈ ಸಂದಿಯೇ. ದುಬಾರಿ ಮೈಕ್ ಕೊಂಡರೆ ಅದು ಸರಿಹೋಗುವುದಿಲ್ಲ.

ಬ್ಲಾಗ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಬಗ್ಗೆ ಒಂದು ಚರ್ಚೆ ಎಂದುಕೊಳ್ಳಿ: ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ಮೈಸೂರಿನಲ್ಲಿ, ಇನ್ನೊಬ್ಬರು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ. ನಮ್ಮ ರಾತ್ರಿ 8 ಗಂಟೆಗೆ ಅಲ್ಲಿ ಚಳಿಗಾಲದಲ್ಲಾದರೆ ಬೆಳಗಿನ 6.30, ಬೇಸಿಗೆಯಲ್ಲಾದರೆ 7.30. ಬೆಂಗಳೂರಿನಿಂದ ಅಲ್ಲಿಗೆ ನೇರ ದೂರ ಸುಮಾರು 14,000 ಕಿ.ಮೀ. ಇಂಟರ್‌ನೆಟ್ ಕೇಬಲ್ಲಿನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುವುದರಿಂದ ಒಂದು ದಿಕ್ಕಿಗೇ 70 ಮಿಲಿಸೆಕೆಂಡು ಹೋಯಿತು. ಕೇಬಲ್ಲು ಸಮುದ್ರದಡಿ ಸುತ್ತಿಬಳಸಿ ಹೋಗುವ ಕಾರಣ ಅದನ್ನು 120 ಎನ್ನೋಣ. ಇದರ ಮೇಲೆ ಕಂಪ್ಯೂಟರು ಧ್ವನಿಯನ್ನು ಹಿಡಿಯಲು 10. ಬ್ರೌಸರ್ ಕರೆಗಳಲ್ಲಿ ಧ್ವನಿಯನ್ನು ಕುಗ್ಗಿಸಲು ಬಳಕೆಯಾಗುವ ಓಪಸ್ ಕೋಡೆಕ್ 20 ಮಿಲಿಸೆಕೆಂಡಿನ ತುಣುಕು ಕಟ್ಟಿ ಮುಂದಿನ ತುಣುಕನ್ನು ಇಣುಕಲು 26.5, ಹಿಂದುಮುಂದಾಗಿ ಬರುವ ಧ್ವನಿಯ ಪೊಟ್ಟಣಗಳನ್ನು (ಪ್ಯಾಕೆಟ್) ಸಾಲಾಗಿ ನಿಲ್ಲಿಸುವ ಬಫರಿಗೆ ಸುಮಾರು 60, ಕಿವಿಗೆ ಮುಟ್ಟಿಸಲು 15. ಒಟ್ಟು 230ರ ಆಸುಪಾಸು. ದೂರವಾಣಿ ಮಾನದಂಡಗಳು ಒಂದು ದಿಕ್ಕಿಗೆ 150 ಮಿಲಿಸೆಕೆಂಡು ಮೀರದಿದ್ದರೆ ಒಳ್ಳೆಯದು ಎನ್ನುತ್ತವೆ.

ಈಗ ಲೆಕ್ಕ ನೋಡಿ. ಬೆಂಗಳೂರಿನವರು ಪ್ರಶ್ನೆ ಮುಗಿಸಿದ್ದು ಆಚೆ ದಡಕ್ಕೆ ಕೇಳುವುದು 230ರ ನಂತರ. ಅಲ್ಲಿನವರು ತಡಮಾಡದೆ 200ರಲ್ಲಿ ಬಾಯಿ ತೆರೆದರೂ ಆ ದನಿ ವಾಪಸು ಬರಲು ಇನ್ನೊಂದು 230. ಪ್ರಶ್ನೆ ಕೇಳಿದವರ ಕಿವಿಗೆ ಇದು 660 ಮಿಲಿಸೆಕೆಂಡಿನ ಮೌನ. ಉತ್ತರ ಗೊತ್ತಿಲ್ಲವೇನೋ, ಒಪ್ಪಿಗೆಯಿಲ್ಲವೇನೋ ಅನ್ನಿಸುವಷ್ಟು ಉದ್ದ. ಅವರು ‘ಅಂದ್ರೆ ನಾನು ಕೇಳಿದ್ದು...’ ಎಂದು ಮತ್ತೆ ಶುರುಮಾಡುತ್ತಾರೆ, ಅಷ್ಟರಲ್ಲಿ ಉತ್ತರ ಬಂದು ಡಿಕ್ಕಿ ಹೊಡೆಯುತ್ತದೆ. ಇಬ್ಬರೂ ನಿಲ್ಲಿಸುತ್ತಾರೆ, ‘ಹೇಳಿ ಹೇಳಿ’ ಎನ್ನುತ್ತಾರೆ, ಮತ್ತೆ ಒಟ್ಟಿಗೇ ಶುರುಮಾಡುತ್ತಾರೆ. ಇಲ್ಲಿ ಯಾರೂ ಒರಟರಲ್ಲ. ಇಬ್ಬರಿಗೂ ತಾವೇ ಮೊದಲು ಮಾತಾಡಿದ್ದು ಅನ್ನಿಸಿರುತ್ತದೆ, ಅವರವರ ಕಿವಿಯ ಮಟ್ಟಿಗೆ ಅದು ನಿಜವೂ ಹೌದು.

ಹಾಗಾಗಿ ಸರದಿ ಹಂಚುವ ಕೆಲಸವನ್ನು ನಿರೂಪಕರು ಕೈಗೆತ್ತಿಕೊಳ್ಳಬೇಕು. ‘ಯಾರಾದರೂ ಹೇಳ್ತೀರಾ?’ ಎಂಬ ಪ್ರಶ್ನೆ ನೇರ ಚರ್ಚೆಯಲ್ಲಿ ಬೇಡ. ಹೆಸರು ಮೊದಲು, ಪ್ರಶ್ನೆ ಆಮೇಲೆ: ‘ಮಂಜುಳಾ ಅವರೇ, 2018ರ ಡಿಸೆಂಬರಿನಲ್ಲಿ ವರ್ಡ್‌ಪ್ರೆಸ್ 5.0 ಜೊತೆ, ಬರಹವನ್ನು ತುಂಡುತುಂಡಾಗಿ ಜೋಡಿಸುವ ಬ್ಲಾಕ್ ಎಡಿಟರ್ ಬಂತಲ್ಲ, ನಿಮ್ಮ ಹಳೆಯ ಬರಹಗಳು ಏನಾದವು?’ ಹೆಸರು ಕಿವಿಗೆ ಬಿದ್ದ ಕೂಡಲೇ ಅವರ ಮಿದುಳು ತಯಾರಿಗೆ ತೊಡಗುತ್ತದೆ, ಉಳಿದವರು ಸಡಿಲಾಗುತ್ತಾರೆ. ಕೇಳಿದ ಮೇಲೆ ನಿರೂಪಕರು ಮನಸ್ಸಿನಲ್ಲೇ ಎರಡು ಎಣಿಸುವವರೆಗೆ ಸುಮ್ಮನಿರಬೇಕು. ಮುಂದಿನ ಸರದಿ ಯಾರದೆಂದು ಖಾಸಗಿ ಚಾಟ್‌ನಲ್ಲಿ ಮೊದಲೇ ತಿಳಿಸಿರಬೇಕು. ನಿರೂಪಕರನ್ನು ಸೇರಿಸಿ ನಾಲ್ವರಿಗಿಂತ ಹೆಚ್ಚು ಜನ ಬೇಡ. ದನಿಯ ಗುರುತು ಹಿಡಿಯಲು ಕೇಳುಗರಿಗೂ ಕಷ್ಟ.

ಇನ್ನು ಪ್ರತಿಧ್ವನಿ. ಒಬ್ಬರ ಲ್ಯಾಪ್‌ಟಾಪ್ ಸ್ಪೀಕರಿನಿಂದ ಹೊರಟ ದನಿ ಅವರದೇ ಮೈಕಿಗೆ ಹೊಕ್ಕು ಮಾತಾಡಿದವರ ಕಿವಿಗೆ ಮರಳುತ್ತದೆ. ತನ್ನ ಮಾತು ಸುಮಾರು 200 ಮಿಲಿಸೆಕೆಂಡು ತಡವಾಗಿ ಕೇಳಿಸಿದರೆ ಮನುಷ್ಯ ತೊದಲುತ್ತಾನೆ ಎಂಬುದನ್ನು ಸಂಶೋಧಕ ಬರ್ನಾರ್ಡ್ ಲೀ 1950ರಲ್ಲೇ ತೋರಿಸಿದ್ದರು. ಪ್ರತಿಧ್ವನಿ ಕೇಳುತ್ತಿದೆ ಎಂದು ದೂರುವವರ ಕಡೆ ದೋಷ ಇರುವುದಿಲ್ಲ, ಕೇಳುತ್ತಿಲ್ಲ ಎನ್ನುವವರ ಕಡೆ ಹುಡುಕಿ. ಒಬ್ಬೊಬ್ಬರನ್ನೇ ಮ್ಯೂಟ್ ಮಾಡಿ; ಯಾರನ್ನು ಮುಚ್ಚಿದಾಗ ನಿಲ್ಲುತ್ತದೋ ಅವರೇ ಹೆಡ್‌ಫೋನ್ ಹಾಕಿಕೊಳ್ಳಬೇಕು. ಪ್ರತಿಧ್ವನಿ ಅಳಿಸುವ ತಂತ್ರಾಂಶ ಎಲ್ಲ ಕರೆಗಳಲ್ಲೂ ಇದೆ, ಆದರೆ ಇಬ್ಬರು ಒಟ್ಟಿಗೆ ಮಾತಾಡಿದಾಗ ಯಾವುದು ಪ್ರತಿಧ್ವನಿ, ಯಾವುದು ನಿಜ ಎಂದು ಅದಕ್ಕೆ ಗೊಂದಲವಾಗಿ ಒಬ್ಬರ ಮಾತನ್ನೇ ಕತ್ತರಿಸುತ್ತದೆ. ಎಲ್ಲರಿಗೂ ವೈರ್ ಇರುವ ಹೆಡ್‌ಫೋನ್ ಇರಲಿ. ಬ್ಲೂಟೂತ್ ಇನ್ನೂ ನೂರಾರು ಮಿಲಿಸೆಕೆಂಡು ತಡ ಸೇರಿಸುತ್ತದೆ, ಸಾಲದ್ದಕ್ಕೆ ಅದರ ಮೈಕ್ ಬಳಸಿದ ಕೂಡಲೇ ಧ್ವನಿ ಸಾಮಾನ್ಯವಾಗಿ ಹಳೆಯ ಫೋನಿನ ಮಟ್ಟಕ್ಕೆ ಇಳಿಯುತ್ತದೆ.

ಮೈಕ್ ಬಾಯಿಂದ 10-15 ಸೆಂ.ಮೀ. ದೂರದಲ್ಲಿ, ತುಟಿಯ ಪಕ್ಕಕ್ಕೆ ಓರೆಯಾಗಿ ಇರಲಿ. ಆಗ ಪ, ಫ, ಭ ಅಕ್ಷರಗಳ ಗಾಳಿ ಅದಕ್ಕೆ ನೇರ ಬಡಿಯುವುದಿಲ್ಲ. ವೈ-ಫೈ ಬದಲು ಲ್ಯಾನ್ ಕೇಬಲ್. ರೂಟರಿಗೆ ಒಂದು ಚಿಕ್ಕ ಯುಪಿಎಸ್. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದರೂ ಕರೆಂಟು ಹೋದಾಗ ಮೊದಲು ಸಾಯುವುದು ರೂಟರೇ.

ವಿಷಯ ಬ್ಲಾಗಿಂಗ್ ತಂತ್ರಾಂಶವಾದಾಗ ಇನ್ನೊಂದು ತೊಡಕಿದೆ: ಪರದೆಯ ಮೇಲೆ ಕಾಣುವುದನ್ನು ಕಿವಿಗೆ ಹೇಳಬೇಕು. ಕನ್ನಡ ಬ್ಲಾಗಿಗರನ್ನು ಕಾಡುವ ಒಂದು ಸಮಸ್ಯೆ ತೆಗೆದುಕೊಳ್ಳಿ. ‘ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗ’ ಎಂಬ ತಲೆಬರಹ ಕೊಟ್ಟರೆ ವರ್ಡ್‌ಪ್ರೆಸ್ ತಾನಾಗಿ ಕಟ್ಟುವ ಕೊಂಡಿ (ಲಿಂಕ್) ‘ತೋಟಗಳಲ್ಲಿ’ ಎಂಬಲ್ಲಿಗೆ ನಿಂತುಬಿಡುತ್ತದೆ. ಕೊಳೆರೋಗವೇ ಮಾಯ! ಕಾರಣ ಇಷ್ಟು: ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಕಾಗುಣಿತ ಚಿಹ್ನೆ, ಒತ್ತಕ್ಷರ ಕಟ್ಟುವ ಪ್ರತಿ ವಿರಾಮ ಚಿಹ್ನೆಯೂ (್) 3 ಬೈಟ್. ಕೊಂಡಿಯಲ್ಲಿ ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ-ಅಕ್ಷರಗಳಾಗಿ ಬರೆಯುವುದರಿಂದ ಇಂಥ ಪ್ರತಿ ಸಂಕೇತ 9 ಜಾಗ ತಿನ್ನುತ್ತದೆ. ವರ್ಡ್‌ಪ್ರೆಸ್ ಕೊಡುವುದು 200 ಜಾಗ. ಮಲೆನಾಡಿನ 8, ಅಡಿಕೆ 5, ತೋಟಗಳಲ್ಲಿ 9. ಒಟ್ಟು 22 ಸಂಕೇತ, 198 ಜಾಗ, ನಡುವೆ ಎರಡು ಅಡ್ಡಗೆರೆ. 200 ಭರ್ತಿ. ಇದನ್ನು ಮೈಕ್ ಮುಂದೆ ಹೇಳುವಾಗ ‘ಇಲ್ಲಿ ನೋಡಿ’ ಎಂದರೆ ಪ್ರಯೋಜನವಿಲ್ಲ. ಮೊದಲು ಏನಾಗುತ್ತದೆ, ಆಮೇಲೆ 3, 9, 200 ಎಂಬ ಮೂರೇ ಸಂಖ್ಯೆ, ಕೊನೆಗೆ ಪರಿಹಾರ: ಪ್ರಕಟಿಸುವ ಮೊದಲು ಸ್ಲಗ್ (ಕೊಂಡಿಯಲ್ಲಿ ಬರಹವನ್ನು ಗುರುತಿಸುವ ಭಾಗ) ಜಾಗದಲ್ಲಿ ಎರಡು ಪದದ ಚಿಕ್ಕ ಕೊಂಡಿ ನಾವೇ ಬರೆಯುವುದು. ಈ ಕ್ರಮದಲ್ಲಿ ಹೇಳಿದರೆ ಪಾತ್ರೆ ತೊಳೆಯುತ್ತ ಕೇಳುವವರಿಗೂ ಅರ್ಥವಾಗುತ್ತದೆ.

ನೇರಪ್ರಸಾರದ ಕೇಳುಗರು ಬೇರೆಯದೇ ಕಾಲದಲ್ಲಿರುತ್ತಾರೆ. ಸ್ಟ್ರೀಮನ್ನು ಸಾಮಾನ್ಯವಾಗಿ 6 ಸೆಕೆಂಡಿನ ತುಂಡುಗಳಾಗಿ ಕಳಿಸುತ್ತಾರೆ, ಪ್ಲೇಯರು ಮೂರು ತುಂಡು ಹಿಂದಿನಿಂದ ಶುರುಮಾಡುತ್ತದೆ. ಅಲ್ಲಿಗೆ 18 ಸೆಕೆಂಡು. ಪ್ರಶ್ನೆ ಟೈಪ್ ಮಾಡಲು ಇನ್ನರ್ಧ ನಿಮಿಷ. ಆದ್ದರಿಂದ ‘ಪ್ರಶ್ನೆ ಕಳಿಸಿ’ ಎಂಬ ಕರೆಯನ್ನು ಒಂದು ನಿಮಿಷ ಮೊದಲೇ ಕೊಟ್ಟು ಚರ್ಚೆ ಮುಂದುವರಿಸಬೇಕು. ಅತಿಥಿಗಳು ಅದೇ ನೇರಪ್ರಸಾರವನ್ನು ಇನ್ನೊಂದು ಟ್ಯಾಬ್‌ನಲ್ಲಿ ತೆರೆದಿಟ್ಟಿದ್ದರೆ, ಹೇಳಿದ್ದೇ 18 ಸೆಕೆಂಡಿನ ನಂತರ ಮತ್ತೆ ಕೇಳಿಬರುತ್ತದೆ. ‘ಆ ಟ್ಯಾಬ್ ಮುಚ್ಚಿದ್ದೀರಾ?’ ಶುರುವಿಗೆ ಮುಂಚೆ ಅತಿಥಿಗಳನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಮುಂದೆ ಪಾಡ್‌ಕಾಸ್ಟಾಗಿ ಹಂಚುವುದಕ್ಕೆ ಪ್ರತಿಯೊಬ್ಬರೂ ತಂತಮ್ಮ ಯಂತ್ರದಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಲಿ: 48 ಕಿಲೋಹರ್ಟ್ಸ್, 24 ಬಿಟ್, ಮೊನೊ; ಗಂಟೆಗೆ ಸುಮಾರು 520 ಎಂಬಿ. ಆರಂಭದಲ್ಲಿ ಎಲ್ಲರೂ ಒಂದು ಚಪ್ಪಾಳೆ ತಟ್ಟಿ ಗುರುತಿಡಿ, ಕೊನೆಯಲ್ಲೂ ಒಂದು. ಎರಡು ಕಂಪ್ಯೂಟರುಗಳ ಗಡಿಯಾರ ಎಂದೂ ಸಮ ಓಡುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಗೆ 180 ಮಿಲಿಸೆಕೆಂಡು ಜಾರುತ್ತದೆ. ಮೇಲೆ ಹೇಳಿದ ಸಂದಿಯನ್ನು ನುಂಗಲು ಇಷ್ಟು ಸಾಕು: ಮೊದಲ ಹತ್ತು ನಿಮಿಷ ಸಹಜವಾಗಿದ್ದ ಮಾತು ಕೊನೆಗೆ ಒಂದರ ಮೇಲೊಂದು ಹತ್ತಿದಂತೆ ಕೇಳುತ್ತದೆ. ಎರಡನೇ ಚಪ್ಪಾಳೆಗೆ ಸರಿಯಾಗಿ ಟ್ರ್ಯಾಕನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ.

ಸಿದ್ಧವಾದ ಧ್ವನಿಯ ಗಟ್ಟಿತನ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಅನ್ನಿಸುವ ಗಟ್ಟಿತನದ ಅಳತೆ), ಶಿಖರ ಮೈನಸ್ 1 ಡೆಸಿಬೆಲ್ ಮೀರದಂತೆ. 64 ಕೆಬಿಪಿಎಸ್ ಮೊನೊ ಎಂಪಿ3 ಮಾಡಿದರೆ ಗಂಟೆಗೆ 28.8 ಎಂಬಿ. ಪಾಡ್‌ಕಾಸ್ಟ್ ನಿಂತಿರುವುದೇ ಬ್ಲಾಗಿನ ತಳಹದಿಯ ಮೇಲೆ: 2000ದ ಡಿಸೆಂಬರಿನಲ್ಲಿ ತಂತ್ರಾಂಶ ರಚನಕಾರ ಡೇವ್ ವೈನರ್, ಹೊಸ ಬರಹಗಳ ಪಟ್ಟಿಯನ್ನು (ಫೀಡ್) ಓದುಗರಿಗೆ ತಲುಪಿಸುವ ಆರ್‌ಎಸ್‌ಎಸ್‌ನ 0.92 ಆವೃತ್ತಿಗೆ ಸೇರಿಸಿದ ಎನ್‌ಕ್ಲೋಶರ್ ಎಂಬ ಒಂದು ಟ್ಯಾಗ್, ಬ್ಲಾಗ್ ಬರಹದ ಜೊತೆ ಧ್ವನಿ ಕಡತವನ್ನೂ ಫೀಡಿನಲ್ಲಿ ಕಳಿಸುವಂತೆ ಮಾಡಿತು. ಅದಕ್ಕೆ ಮೂರು ವಿವರ ಬೇಕು: ಕಡತದ ವಿಳಾಸ, ಬೈಟ್‌ಗಳಲ್ಲಿ ಅಳತೆ, ಬಗೆ. ಕಡತ ಬದಲಿಸಿದಾಗ ಅಳತೆಯನ್ನೂ ಬದಲಿಸಿ. ಧ್ವನಿಯನ್ನು ಬ್ಲಾಗ್ ಇರುವ ಅಗ್ಗದ ಹೋಸ್ಟಿಂಗ್‌ನಲ್ಲೇ ಇಟ್ಟರೆ 200 ಜನ ಇಳಿಸಿಕೊಂಡಾಗ 5.76 ಜಿಬಿ ಹರಿದು ಸೈಟು ಮಂಕಾಗುತ್ತದೆ; ಕಡತದ ನಡುವಿನಿಂದಲೂ ತುಂಡು ಕೊಡಬಲ್ಲ ಬೇರೆ ಸರ್ವರಿನಲ್ಲಿ ಇಡಿ, ಇಲ್ಲವಾದರೆ ಕೇಳುಗರು ಅರ್ಧಕ್ಕೆ ನೆಗೆಯಲು ಹೋದಾಗ ಪ್ಲೇಯರು ನಿಂತುಬಿಡುತ್ತದೆ.